ಪದಚರ್ಚೆ: ‘ಬಳಕೆದಾರರ ವೇದಿಕೆ’ ಎಂದರೆ ಈಗ ಏನೆಂದು ತಿಳಿಯಬೇಕು?

ಮಾನ್ಯರೇ,

ಆನ್‌ಲೈನ್ ಖರೀದಿಯಲ್ಲಿ ಮೋಸಹೋದವರ ಪರವಾಗಿ ದನಿಯೆತ್ತುವ ಸ್ವಯಂಸೇವಾ ಸಂಘಟನೆಗಳ ಬಗ್ಗೆ ನಾವು ಕೆಲವರು ಸೇರಿ ಕುಂದಾಪುರದಲ್ಲಿ ಒಂದು ಸಣ್ಣ ಕನ್ನಡ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇವೆ. ಬರವಣಿಗೆ ಬಹುಪಾಲು ಮುಗಿದಿದ್ದರೂ ‘ಬಳಕೆದಾರ’ ಮತ್ತು ‘ವೇದಿಕೆ’ ಎಂಬ ಎರಡು ಪದಗಳ ವಿಷಯದಲ್ಲಿ ನಮ್ಮೊಳಗೇ ಒಮ್ಮತವಾಗದೆ ಅಚ್ಚಿಗೆ ಕಳುಹಿಸುವುದು ನಿಂತುಹೋಗಿದೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಕರಾವಳಿಯವರಿಗೆ ‘ಬಳಕೆದಾರ’ ಹೊಸ ಪದವಲ್ಲ. ಗ್ರಾಹಕರ ಪರ ದನಿಯೆತ್ತಿದ ಸಂಘಟನೆಯಾದ ಬಸ್ರೂರಿನ ಬಳಕೆದಾರರ ವೇದಿಕೆಯ ಹೆಸರು ಕೇಳದವರು ಉಡುಪಿ ಸೀಮೆಯಲ್ಲಿ ಕಡಿಮೆ. ತೂಕದಲ್ಲಿ ಮೋಸವಾದರೆ, ಕೊಂಡ ವಸ್ತು ಕೆಟ್ಟದ್ದಾಗಿದ್ದರೆ ಕೇಳುವ ಹಕ್ಕುಳ್ಳವನೇ ಬಳಕೆದಾರ ಎಂಬ ಅರ್ಥ ಇಲ್ಲಿ ಅಂತರ್ಜಾಲಕ್ಕಿಂತ ಮೊದಲೇ ನೆಲೆಗೊಂಡಿತ್ತು. ಸರ್ಕಾರದ ಕನ್ನಡ ಮಾತ್ರ ‘ಗ್ರಾಹಕ’ ಎಂಬುದನ್ನೇ ಹಿಡಿಯಿತು. ಇಲಾಖೆಯ ಹೆಸರಿನಲ್ಲಿಯೂ ಕಾಯಿದೆಯ ಹೆಸರಿನಲ್ಲಿಯೂ ಇರುವುದು ಅದೇ. ಈ ಎರಡೂ ಪದಗಳು ಬಹುಕಾಲ ಒಂದಕ್ಕೊಂದು ಅಡ್ಡಬರದೆ ಬಾಳಿದವು. ಯಾವಾಗ ಮೊಬೈಲಿನ ಪರದೆಯ ಮೇಲೆ ‘ಬಳಕೆದಾರರ ಹೆಸರು’, ‘ಬಳಕೆದಾರರ ನಿಯಮಗಳು’ ಎಂದು ಕಾಣಿಸತೊಡಗಿತೋ ಆಗ ಈ ಪದ ‘ಯೂಸರ್’ ಎಂಬುದರ ಪಾಲಾಯಿತು. ನಮ್ಮ ಗುಂಪಿನ ಹಿರಿಯರು ‘ಬಳಕೆದಾರ’ ಎಂದು ಬರೆದ ಕಡೆಯಲ್ಲೆಲ್ಲ ಕಾಲೇಜಿನ ಹುಡುಗರು ಆ್ಯಪ್ ತೆರೆದು ಕೂತವನನ್ನು ಕಾಣುತ್ತಾರೆ.

ಇದು ಬರಿಯ ರುಚಿಭೇದವಾಗಿದ್ದರೆ ತಮ್ಮನ್ನು ಕೇಳುತ್ತಿರಲಿಲ್ಲ. ಕೇಂದ್ರ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ತಡೆ ಮಾರ್ಗಸೂಚಿಯಲ್ಲಿ ಜಾಲತಾಣ, ಆ್ಯಪ್‌ಗಳಲ್ಲಿನ 13 ಬಗೆಯ ವಂಚಕ ವಿನ್ಯಾಸಗಳ ಪಟ್ಟಿಯಿದೆ. ಅಲ್ಲಿನ ವ್ಯಾಖ್ಯೆಯಲ್ಲಿ ‘ಯೂಸರ್’ ಮತ್ತು ‘ಕನ್ಸ್ಯೂಮರ್’ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ: ಪರದೆಯ ಮುಂದಿರುವ ‘ಯೂಸರ್’ನನ್ನು ದಾರಿತಪ್ಪಿಸಿ ಅವನು ಮೊದಲು ಬಯಸಿರದ ಕೆಲಸವನ್ನು ಮಾಡಿಸುವುದು ಮತ್ತು ಆ ಮೂಲಕ ‘ಕನ್ಸ್ಯೂಮರ್’ನ ಆಯ್ಕೆಯ ಸ್ವಾತಂತ್ರ್ಯವನ್ನು ಕುಂದಿಸುವುದು ಎಂಬುದು ಅದರ ಸಾರ. ಎರಡಕ್ಕೂ ‘ಬಳಕೆದಾರ’ ಎಂದರೆ ವಾಕ್ಯ ಗಂಟಾಗುತ್ತದೆ. ಎರಡಕ್ಕೂ ‘ಗ್ರಾಹಕ’ ಎಂದರೆ ಇನ್ನೂ ಏನನ್ನೂ ಕೊಳ್ಳದೆ ಸುಮ್ಮನೆ ನೋಡುತ್ತಿರುವವನು ಮಾತಿನಿಂದ ಹೊರಗುಳಿಯುತ್ತಾನೆ.

ನಮ್ಮ ಕಣ್ಣಮುಂದೆ ನಡೆದ ಒಂದು ಪ್ರಸಂಗವನ್ನೇ ನೋಡಬಹುದು. ನೆರೆಮನೆಯ ಅಜ್ಜರು ಬೆಂಗಳೂರಿಗೆ ಹೋಗಬೇಕಿತ್ತು. ಮೊಮ್ಮಗಳು ತನ್ನ ಮೊಬೈಲಿನಲ್ಲಿ ಬಸ್ಸಿನ ಟಿಕೆಟ್ ಮಾಡಿಸಿ ತಾನೇ ಹಣ ಕಟ್ಟಿದಳು. ಹಣ ಕಟ್ಟುವ ಪುಟದಲ್ಲಿ ಪ್ರಯಾಣ ವಿಮೆಯ ಎದುರಿನ ಚೌಕದೊಳಗೆ ಮೊದಲೇ ಟಿಕ್ ಬಿದ್ದಿತ್ತು, ಅವಳು ಗಮನಿಸಲಿಲ್ಲ, 15 ರೂಪಾಯಿ ಹೆಚ್ಚಿಗೆ ಹೋಯಿತು. ಹೀಗೆ ಮೊದಲೇ ಟಿಕ್ ಹಾಕಿಟ್ಟು ಒಪ್ಪಿಗೆ ಪಡೆದಂತೆ ತೋರಿಸಬಾರದೆಂದು 2020ರ ಇ-ಕಾಮರ್ಸ್ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಇಲ್ಲಿ ಆ್ಯಪ್‌ನ ಬಳಕೆದಾರಳು ಮೊಮ್ಮಗಳು, ಬಸ್ಸಿನ ಆಸನದ ಬಳಕೆದಾರರು ಅಜ್ಜ. ಸೇವೆಗೆ ಹಣ ಕೊಟ್ಟವರಷ್ಟೇ ಅಲ್ಲದೆ ಅವರ ಒಪ್ಪಿಗೆಯಿಂದ ಅದರ ಪ್ರಯೋಜನ ಪಡೆದವರೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕರೇ ಆಗಿರುವುದರಿಂದ ಇಬ್ಬರೂ ಗ್ರಾಹಕರು. ‘ಬಳಕೆದಾರ’ ಎಂದೊಡನೆ ‘ಯಾವುದರ?’ ಎಂಬ ಪ್ರಶ್ನೆ ಹುಟ್ಟುತ್ತದೆ ಎಂಬುದು ನನಗೆ ಹೊಳೆದದ್ದು ಈ ಟಿಕೆಟ್ಟಿನಿಂದ. ‘ಗ್ರಾಹಕ’ ಎಂಬುದಕ್ಕೆ ಆ ಪ್ರಶ್ನೆಯಿಲ್ಲ, ಆದರೆ ಅದರ ಧಾತುವಿನಲ್ಲೇ ‘ತೆಗೆದುಕೊಳ್ಳುವವನು’ ಎಂಬ ಅರ್ಥವಿರುವುದರಿಂದ ಅಜ್ಜರಂಥವರು ಅದರಲ್ಲಿ ಸೇರುತ್ತಾರೆಂದು ಓದುಗರಿಗೆ ಬಿಡಿಸಿ ಹೇಳಲೇಬೇಕಾಗುತ್ತದೆ.

ಬೇರೆ ಪದಗಳಿಲ್ಲವೆಂದಲ್ಲ. ಪಿಯುಸಿ ಅರ್ಥಶಾಸ್ತ್ರ ಓದಿದವರಿಗೆ ‘ಅನುಭೋಗಿ’ ಗೊತ್ತು. ಪಠ್ಯದಾಚೆ ಅದು ನಡೆಯಲಿಲ್ಲ. ಹಿಂದಿಯವರ ‘ಉಪಭೋಕ್ತಾ’ ಕನ್ನಡದ ಕಿವಿಗೆ ಭೋಗವನ್ನೇ ಮೊದಲು ನೆನಪಿಸುತ್ತದೆ. ಅಂಗಡಿಯವರ ಬಾಯಲ್ಲಿರುವ ‘ಗಿರಾಕಿ’ಯೂ ಮೂಲದಲ್ಲಿ ‘ಗ್ರಾಹಕ’ವೇ ಆದರೂ, ವ್ಯಾಪಾರಿಯ ಕಣ್ಣಿನಿಂದ ನೋಡಿದ ಪದವಾದ್ದರಿಂದ ಹಕ್ಕಿನ ಮಾತಿಗೆ ಒಗ್ಗುವುದಿಲ್ಲ, ಮರುಮಾರಾಟಕ್ಕೆಂದು ಸರಕು ಕೊಳ್ಳುವವನು ಸಗಟು ಅಂಗಡಿಗೆ ಒಳ್ಳೆಯ ಗಿರಾಕಿಯೇ ಹೌದು, ಕಾಯಿದೆಯ ಗ್ರಾಹಕನಲ್ಲ. ನೆರೆಭಾಷೆಗಳು ಈ ತೊಡಕನ್ನು ಮೊದಲೇ ಬಿಡಿಸಿಕೊಂಡಿವೆ: ತೆಲುಗಿನಲ್ಲಿ ‘ಕನ್ಸ್ಯೂಮರ್’ಗೆ ‘ವಿನಿಯೋಗದಾರು’, ‘ಯೂಸರ್’ಗೆ ‘ವಾಡುಕರಿ’, ತಮಿಳಿನಲ್ಲಿ ಅದೇ ಕ್ರಮದಲ್ಲಿ ‘ನುಗರ್ವೋರ್’ ಮತ್ತು ‘ಪಯನರ್’.

‘ವೇದಿಕೆ’ಯ ತೊಡಕು ಇದಕ್ಕಿಂತ ದೊಡ್ಡದು, ಏಕೆಂದರೆ ಇದರಿಂದ ಜನರಿಗೆ ನಿಜವಾಗಿ ನಷ್ಟವಾಗುತ್ತಿದೆ. 1986ರ ಕಾಯಿದೆಯ ಕಾಲದಲ್ಲಿ ಜಿಲ್ಲೆಯ ಗ್ರಾಹಕ ನ್ಯಾಯಾಲಯಕ್ಕೆ ‘ಜಿಲ್ಲಾ ವೇದಿಕೆ’ ಎಂದೇ ಹೆಸರಿತ್ತು. 2020ರ ಜುಲೈಯಲ್ಲಿ 2019ರ ಹೊಸ ಕಾಯಿದೆ ಜಾರಿಗೆ ಬಂದು ಅದು ‘ಆಯೋಗ’ವಾಯಿತು. ಸ್ವಯಂಸೇವಾ ಸಂಘಟನೆಗಳೂ ವೇದಿಕೆಗಳೇ. ಈಗ ಮಾರಾಟದ ಜಾಲತಾಣಗಳೂ ‘ಆನ್‌ಲೈನ್ ವೇದಿಕೆ’ಗಳಾಗಿವೆ. ಹೀಗಾಗಿ ದೂರು ಯಾರ ಮೇಲೋ ಅವರು, ದೂರುದಾರರ ಪರ ನಿಲ್ಲುವವರು, ತೀರ್ಪು ಕೊಡುವವರು, ಮೂವರಿಗೂ ಒಂದೇ ಹೆಸರು. ಬೈಂದೂರಿನ ಕಡೆಯಿಂದ ಬಂದ ಮಹಿಳೆಯೊಬ್ಬರು ರಸೀದಿಗಳನ್ನೆಲ್ಲ ನಮ್ಮ ಮೇಜಿನ ಮೇಲೆ ಹರಡಿ, ‘ತೀರ್ಪು ಯಾವತ್ತ್ ಕೊಡ್ತ್ರಿ?’ ಎಂದು ಕೇಳಿದರು. ಮತ್ತೊಂದು ಸಂಘಟನೆಗೆ ಪತ್ರ ಬರೆದದ್ದನ್ನೇ ಅವರು ದಾವೆ ಹೂಡಿದ್ದೆಂದು ತಿಳಿದು ಹಲವು ತಿಂಗಳು ಕಾದಿದ್ದರು. ಆಯೋಗಕ್ಕೆ ದೂರು ಕೊಡಲು ಇರುವುದು ಎರಡು ವರ್ಷದ ಗಡುವು. ಅದರಲ್ಲಿ ಅಷ್ಟು ಕಾಲ ಒಂದು ಪದದ ಗೊಂದಲದಿಂದ ಕಳೆದುಹೋಗಿತ್ತು. ಆ ದಿನದಿಂದ ಈ ಪದವನ್ನು ಹಗುರವಾಗಿ ಬರೆಯಲು ನನ್ನ ಕೈ ಬರುತ್ತಿಲ್ಲ.

ನೋಂದಾಯಿತ ಗ್ರಾಹಕ ಸಂಘವು ತನ್ನ ಸದಸ್ಯರಲ್ಲದವರ ಪರವಾಗಿಯೂ ಆಯೋಗದ ಮುಂದೆ ದೂರು ಸಲ್ಲಿಸಬಹುದೆಂದು ಕಾಯಿದೆಯ 35ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಸಂಘಟನೆಗಳಿಗೆ ‘ಗ್ರಾಹಕ ಸಂಘ’, ನ್ಯಾಯಾಲಯಕ್ಕೆ ‘ಗ್ರಾಹಕರ ಆಯೋಗ’, ವ್ಯಾಪಾರದ ತಾಣಗಳಿಗೆ ‘ಮಾರಾಟ ಜಾಲತಾಣ’ ಎಂದು ಬರೆದು, ಹೆಸರಿನಲ್ಲೇ ಇರುವ ಕಡೆ ಬಿಟ್ಟರೆ ‘ವೇದಿಕೆ’ಯನ್ನು ಕೈಬಿಡಬೇಕೆಂಬುದು ನನ್ನ ಸಲಹೆ. ಹಾಗೆಯೇ ‘ಲಾಭರಹಿತ ಸಂಸ್ಥೆ’ ಎಂಬುದು ನಷ್ಟದಲ್ಲಿರುವ ಸಂಸ್ಥೆಯಂತೆ ಕೇಳಿಸುವುದರಿಂದ ‘ಲಾಭದ ಉದ್ದೇಶವಿಲ್ಲದ’ ಎಂದು ಬಿಡಿಸಿಯೇ ಬರೆದಿದ್ದೇವೆ.

ನನ್ನ ಪ್ರಶ್ನೆಗಳು ಇಷ್ಟು. ಹಳೆಯ ಮೈಸೂರು, ಧಾರವಾಡ, ಕಲಬುರಗಿ ಕಡೆಯ ಆಡುಮಾತಿನಲ್ಲಿ ‘ಬಳಕೆದಾರ’ ಎಂದರೆ ಹಕ್ಕು ಕೇಳುವ ಗ್ರಾಹಕನೆಂಬ ಅರ್ಥ ಎಂದಾದರೂ ಇತ್ತೇ, ಅಥವಾ ಅದು ಕರಾವಳಿಗೆ ಮಾತ್ರ ಸೀಮಿತವೇ? ‘ಯೂಸರ್’ ಎಂಬುದಕ್ಕೆ ‘ಬಳಸುಗ’ ಎಂದು ಬರೆದು ‘ಬಳಕೆದಾರ’ವನ್ನು ಅದರ ಹಳೆಯ ಅರ್ಥಕ್ಕೇ ಉಳಿಸಿಕೊಳ್ಳುವ ಹಿರಿಯರ ಆಸೆ ಈಗ ನಡೆಯುವಂಥದ್ದೇ? ಜಿಲ್ಲಾ ಆಯೋಗಗಳಲ್ಲಿ ಕನ್ನಡದಲ್ಲಿಯೇ ದೂರು ಬರೆದುಕೊಡುವ ವಕೀಲರು ಯಾರಾದರೂ ಇದ್ದರೆ, ಖಾತೆ ಒಬ್ಬರದು, ಪ್ರಯೋಜನ ಇನ್ನೊಬ್ಬರದು ಆದಾಗ ಅವರಿಬ್ಬರನ್ನು ಯಾವ ಪದಗಳಿಂದ ಗುರುತಿಸುತ್ತೀರೆಂಬುದನ್ನು ದಯವಿಟ್ಟು ಒಂದು ವಾಕ್ಯದ ಮಾದರಿಯೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.