ಮೆಟಲ್ ಸಂಗೀತ ನುಡಿಸಲು ಯಾವ ಡಿಸ್ಟಾರ್ಷನ್ ಪೆಡಲ್ ಕೊಳ್ಳಲಿ? ಈಗಿರುವುದು ಬರೀ ಗುಂಯ್‌ಗುಡುತ್ತಿದೆ

ಪ್ರಶ್ನೆ (ಕೋಡಿಬಾಗ, ಕಾರವಾರ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಹಂಬಕರ್ ಪಿಕಪ್ಪಿನ (ತಂತಿಯ ಕಂಪನವನ್ನು ಹಿಡಿಯುವ ಜೋಡಿ ಸುರುಳಿಯ) ಗಿಟಾರ್ ಮತ್ತು ಬಾಸ್ ಕಂಪನಿಯ ಡಿಎಸ್-1 ಎಂಬ ಡಿಸ್ಟಾರ್ಷನ್ ಪೆಡಲ್ ಇವೆ. ಗಿಟಾರ್ ಆಂಪ್ (ಆಂಪ್ಲಿಫೈಯರ್) ಇಲ್ಲದ ಕಾರಣ, ಮನೆಯಲ್ಲಿ ಭಜನೆಗೆಂದು ಇಟ್ಟಿರುವ ಕೀಬೋರ್ಡ್ ಆಂಪಿಗೆ ಪೆಡಲನ್ನು ಜೋಡಿಸಿ ನುಡಿಸುತ್ತೇನೆ. ಪಾಮ್ ಮ್ಯೂಟ್ ಮಾಡಿದರೆ (ಅಂಗೈಯ ಅಂಚನ್ನು ತಂತಿಗೆ ಒತ್ತಿ ನುಡಿಸಿದರೆ) ಎದೆಗೆ ಗುದ್ದುವಂತಹ ಸದ್ದು ಬರಬೇಕಲ್ಲವೇ? ಬರುವುದು ಡಬ್ಬಿಯೊಳಗೆ ಸಿಕ್ಕಿಬಿದ್ದ ಜೇನುಹುಳದ ಸದ್ದು. ತಂತಿ ಮುಟ್ಟದಿದ್ದಾಗಲೂ ಒಂದೇ ಸಮನೆ ಗುಂಯ್ ಎನ್ನುತ್ತಿರುತ್ತದೆ. ಬಾಸ್ ಕಂಪನಿಯದೇ ಮೆಟಲ್ ಝೋನ್ ಪೆಡಲ್ ಕೊಳ್ಳಲೋ, ಎಚ್‌ಎಂ-2 ಮಾದರಿಯದನ್ನು ಕೊಳ್ಳಲೋ, ತಿಳಿದವರು ಹೇಳಬೇಕು.

ಉತ್ತರ (ಶಿರಸಿ):

ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ನೀವು ಹೇಳಿರುವ ಎರಡು ತೊಂದರೆಗಳಿಗೆ ಎರಡು ಬೇರೆ ಕಾರಣಗಳಿವೆ, ಹೊಸ ಪೆಡಲಿನಿಂದ ಅವೆರಡೂ ಹೋಗುವುದಿಲ್ಲ.

ಮೊದಲನೆಯದು ಜೇನುಹುಳ. ಡಿಸ್ಟಾರ್ಷನ್ ಎಂದರೆ ಗಿಟಾರಿನ ಅಲೆಯ ತಲೆಯನ್ನು ಕತ್ತರಿಸುವುದು. ಹಾಗೆ ಕತ್ತರಿಸಿದಾಗ ಮೂಲ ಸ್ವರದ ಮೇಲೆ ಚೂಪಾದ ಮೇಲ್ಸ್ವರಗಳು ರಾಶಿರಾಶಿಯಾಗಿ ಹುಟ್ಟುತ್ತವೆ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಬಹುಬೇಗ ಮಂಕಾಗುವುದರಿಂದ ಆ ಚೂಪೆಲ್ಲ ಅಲ್ಲಿಯೇ ಸೋಸಿಹೋಗುತ್ತದೆ. ಕೀಬೋರ್ಡ್ ಆಂಪಿನಲ್ಲಿ ಟ್ವೀಟರ್ (ಚೂಪು ಸ್ವರಗಳಿಗೆಂದೇ ಇರುವ ಚಿಕ್ಕ ಸ್ಪೀಕರ್) ಇರುತ್ತದೆ, ಅದು ಏನನ್ನೂ ಸೋಸದೆ ಎಲ್ಲವನ್ನೂ ಹೊರಗೆ ಬಿಡುತ್ತದೆ. ಅದಕ್ಕೆ ಎಷ್ಟೇ ಬೆಲೆಯ ಪೆಡಲ್ ಹಾಕಿದರೂ ನಮ್ಮ ತೋಟದ ವೀಡ್ ಕಟರಿನ ಸದ್ದೇ ಬರುವುದು. ಒಂದೋ ಚಿಕ್ಕದಾದರೂ ಸರಿ, ಗಿಟಾರ್ ಆಂಪ್ ಬೇಕು. ಇಲ್ಲವೇ ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರಿನ ಸದ್ದನ್ನು ಅನುಕರಿಸುವ ಸೌಲಭ್ಯ) ಇರುವ ಮಲ್ಟಿ ಇಫೆಕ್ಟ್ಸ್ ಪೆಡಲ್ ಬೇಕು. ಕಂಪ್ಯೂಟರ್ ಮತ್ತು ಗಿಟಾರನ್ನು ಅದಕ್ಕೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಇದ್ದರೆ ನ್ಯೂರಲ್ ಆಂಪ್ ಮಾಡೆಲರ್ ಎಂಬ, ಆಂಪಿನ ಸದ್ದನ್ನು ಅನುಕರಿಸುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ.

ಎರಡನೆಯದು ಗುಂಯ್. ಅಡಾಪ್ಟರ್ ತೆಗೆದು, ಪೆಡಲಿಗೆ 9 ವೋಲ್ಟಿನ ಬ್ಯಾಟರಿ ಹಾಕಿ ಹತ್ತು ನಿಮಿಷ ನುಡಿಸಿ ನೋಡಿ. ಸದ್ದು ನಿಂತರೆ ದೋಷ ಅಡಾಪ್ಟರಿನದು. ನಿಲ್ಲದಿದ್ದರೆ ಫ್ಯಾನಿನ ರೆಗ್ಯುಲೇಟರನ್ನೂ ಟ್ಯೂಬ್‌ಲೈಟನ್ನೂ ಆರಿಸಿ ನೋಡಿ. ಗಿಟಾರಿನ ಜ್ಯಾಕನ್ನೂ ಒಮ್ಮೆ ಗಮನಿಸಿ; ಕಡಲ ಬದಿಯ ಉಪ್ಪುಗಾಳಿಗೆ ಅದು ಹಸಿರುಗಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. (ನುಡಿಸಿಯಾದ ಮೇಲೆ ಪೆಡಲಿನ ಇನ್‌ಪುಟ್ ಕೇಬಲ್ ಕೀಳಲು ಮರೆಯಬೇಡಿ, ಸಿಕ್ಕಿಸಿಟ್ಟರೆ ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.) ತಂತಿ ಮುಟ್ಟಿದಾಗ ಚುರುಕ್ ಎಂದು ಕರೆಂಟ್ ಹೊಡೆದರೆ ಮಾತ್ರ ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇನ್ನು ಆಯ್ಕೆಯ ಮಾತು. 1991ರಲ್ಲಿ ಬಂದ ಮೆಟಲ್ ಝೋನನ್ನು ಬಯ್ಯುವವರೇ ಹೆಚ್ಚು, ಆದರೆ ಬಯ್ಯುವವರಲ್ಲಿ ಬಹಳ ಮಂದಿ ಅದರ ಮಿಡ್ (ನಡುವಿನ ಸ್ವರಗಳ) ಗುಂಡಿಯನ್ನು ಸೊನ್ನೆಗೆ ಇಳಿಸಿಟ್ಟವರು. ನಾನೂ ಅವರಲ್ಲೊಬ್ಬನಾಗಿದ್ದೆ. ಕಾಲೇಜಿನ ವಾರ್ಷಿಕೋತ್ಸವಕ್ಕೆಂದು ಕೋಣೆಯಲ್ಲಿ ಕುಳಿತು ಬೇಸ್ ಮತ್ತು ಟ್ರೆಬಲ್ ಏರಿಸಿ, ಮಿಡ್ ಇಳಿಸಿ ಹದ ಮಾಡಿಕೊಂಡಿದ್ದ ಸದ್ದು ಗೋಡೆ ನಡುಗಿಸುವಂತಿತ್ತು. ವೇದಿಕೆಯಲ್ಲಿ ಡ್ರಮ್ ಮತ್ತು ಬೇಸ್ ಗಿಟಾರ್ ಸೇರಿಕೊಂಡ ಕೂಡಲೇ ನನ್ನ ಗಿಟಾರ್ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿದ್ದ ಗೆಳೆಯ ಆಮೇಲೆ, ನೀನು ಕೈಯಾಡಿಸುವುದು ಮಾತ್ರ ಕಾಣುತ್ತಿತ್ತು ಎಂದ. ಗಿಟಾರ್ ಎದ್ದು ಕೇಳಿಸುವುದೇ ಮಿಡ್‌ನಲ್ಲಿ. ಮೆಟಲ್ ಝೋನಿನಲ್ಲಿ ಆ ಮಿಡ್ಡನ್ನು 200 ಹರ್ಟ್ಸ್‌ನಿಂದ 5 ಕಿಲೋಹರ್ಟ್ಸ್‌ವರೆಗೆ ಬೇಕಾದಲ್ಲಿ ನಿಲ್ಲಿಸಬಹುದು. 1 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿಟ್ಟು ತುಸು ಏರಿಸಿ, ಗೇನನ್ನು (ಡಿಸ್ಟಾರ್ಷನ್ ಪ್ರಮಾಣವನ್ನು) ಅರ್ಧಕ್ಕಿಂತ ಕೆಳಗಿಡಿ.

ಎಚ್‌ಎಂ-2 ಒಂದೇ ಬಗೆಯ ಸದ್ದಿನ ಪೆಡಲು. ಅದರ ನಾಲ್ಕೂ ಗುಂಡಿಗಳನ್ನು ಪೂರ್ತಿ ತಿರುಗಿಸಿದಾಗ ಬರುವ, ಮರ ಕೊಯ್ಯುವಂತಹ ಸದ್ದು ಎಂಟೂಂಬ್ಡ್ ಮೊದಲಾದ ಸ್ವೀಡನ್ನಿನ ಡೆತ್ ಮೆಟಲ್ ತಂಡಗಳ ಗುರುತಾಗಿತ್ತು. ಅದೇ ಬೇಕಿದ್ದರೆ ಕೊಳ್ಳಿ. ಥ್ರ್ಯಾಶ್ (ವೇಗದ ಬಗೆಯ ಮೆಟಲ್) ನುಡಿಸುವವರಿಗೆ ಅದಕ್ಕಿಂತ ರ‍್ಯಾಟ್ ಎಂಬ ಪೆಡಲ್ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಅದರ ಫಿಲ್ಟರ್ ಗುಂಡಿ ಉಲ್ಟಾ, ಬಲಕ್ಕೆ ತಿರುಗಿಸಿದಷ್ಟೂ ಟ್ರೆಬಲ್ ಇಳಿಯುತ್ತದೆ.

ಪ್ರಶ್ನೆ ಕೇಳಿದವರು:

ಅಣ್ಣಾ, ಬ್ಯಾಟರಿ ಹಾಕಿದ ಕೂಡಲೇ ಗುಂಯ್ ಮುಕ್ಕಾಲು ಪಾಲು ನಿಂತಿತು. ನಾನು ಬಳಸುತ್ತಿದ್ದುದು ಹಳೆಯ ರೇಡಿಯೋದ ಅಡಾಪ್ಟರ್. ಉಳಿದ ಕಾಲು ಪಾಲು ಫ್ಯಾನಿನದು. ಆರಿಸಿದರೆ ನಿಲ್ಲುತ್ತದೆ, ಆದರೆ ಕಾರವಾರದ ಸೆಕೆಯಲ್ಲಿ ಫ್ಯಾನಿಲ್ಲದೆ ಕುಳಿತು ನುಡಿಸುವುದು ಹೇಗೆಂದು ಗೊತ್ತಾಗುತ್ತಿಲ್ಲ. ಸದಾಶಿವಗಡದ ಗೆಳೆಯನ 10 ವಾಟಿನ ಗಿಟಾರ್ ಆಂಪ್ ತಂದು ಇದೇ ಡಿಎಸ್-1 ಅನ್ನು ಜೋಡಿಸಿ, ಆಂಪಿನ ಮಿಡ್ ಏರಿಸಿ ನೋಡಿದೆ. ಜೇನುಹುಳ ಹೋಯಿತು. ಪೆಡಲಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಆ ಆಂಪನ್ನೇ ಕೊಡುತ್ತೀಯಾ ಎಂದು ಅವನನ್ನು ಕೇಳಿದ್ದೇನೆ.