ಪದಚರ್ಚೆ: ‘ಟ್ರಾನ್ಸ್‌ಫ್ಯೂಷನ್ ಆಡಿಟ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಆಸ್ಪತ್ರೆಯ ದಾದಿಯರ ತರಬೇತಿಗಾಗಿ ಒಂದು ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ಅದರ ಶೀರ್ಷಿಕೆ ನಾಳೆಯೇ ವಾರ್ಡಿನ ಸೂಚನಾ ಫಲಕಕ್ಕೂ ಹೋಗಬೇಕಾಗಿದೆ. ‘ರಕ್ತ ವರ್ಗಾವಣೆಯ ಲೆಕ್ಕಪರಿಶೋಧನೆ’ ಎಂದು ಬರೆದದ್ದನ್ನು ಓದಿದವರು ಬಿಲ್ಲಿನಲ್ಲಿ ಏನೋ ಅವ್ಯವಹಾರವಾಗಿದೆಯೆಂದು ಭಾವಿಸಿದರು. ಇಲ್ಲಿ ಹಣದ ಮಾತಿಲ್ಲ. ರಕ್ತ ಏಕೆ ಬೇಕಾಯಿತೆಂದು ವೈದ್ಯರು ಬರೆದಿದ್ದಾರೆಯೇ, ಅದಕ್ಕೆ ಮುಂಚಿನ ಹಿಮೋಗ್ಲೋಬಿನ್ ಪ್ರಮಾಣ ನಮೂದಾಗಿದೆಯೇ, ರೋಗಿಯ ಕೈಪಟ್ಟಿಯನ್ನೂ ಚೀಲದ ಚೀಟಿಯನ್ನೂ ಹಾಸಿಗೆಯ ಬಳಿಯಲ್ಲೇ ತಾಳೆ ನೋಡಲಾಗಿದೆಯೇ, ಆರಂಭಿಸಿದ 15 ನಿಮಿಷಕ್ಕೆ ನಾಡಿ, ಜ್ವರ, ರಕ್ತದೊತ್ತಡ ದಾಖಲಾಗಿವೆಯೇ, ಕೆಂಪುಕಣಗಳ ಚೀಲ 4 ಗಂಟೆಯೊಳಗೆ ಮುಗಿದಿದೆಯೇ ಎಂದು ಕೇಸ್‌ಶೀಟುಗಳನ್ನು ನೋಡಿ, ಲೋಪವಿದ್ದಲ್ಲಿ ಸಿಬ್ಬಂದಿಗೆ ತರಬೇತಿ ಕೊಟ್ಟು, ಕೆಲವು ತಿಂಗಳ ನಂತರ ಅದೇ ಮಾನದಂಡದಿಂದ ಮತ್ತೆ ನೋಡುವ ಕ್ರಮವಿದು. ದಯವಿಟ್ಟು ಬೇಗ ತಿಳಿಸಿ.

ಉತ್ತರ 1

‘ಲೆಕ್ಕಪರಿಶೋಧನೆ’ ತಪ್ಪು. ‘ವರ್ಗಾವಣೆ’ ಇನ್ನೂ ತಪ್ಪು, ರಕ್ತವೇನು ಗುಮಾಸ್ತನಲ್ಲ. ಲ್ಯಾಟಿನ್ನಿನಲ್ಲಿ ‘ಆಡಿಟ್’ನ ಮೂಲಾರ್ಥ ಕೇಳುವುದು, ಲೆಕ್ಕವನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದ ಕಾಲದ ಪದವನ್ನು ಇಂದು ಹೊತ್ತು ತಿರುಗುವ ಅಗತ್ಯ ನಮಗಿಲ್ಲ. ‘ಒರೆಗೆ ಹಚ್ಚು’ ಎಂಬ ಮಾತು ಇದೆ, ಉಣಿಸು ಎಂಬರ್ಥದ ‘ಊಡು’ ಧಾತುವೂ ಇದೆ. ‘ನೆತ್ತರೂಡಿಕೆಯ ಒರೆನೋಟ’ ಎಂದು ಬರೆಯಿರಿ. ‘ತನಿಖೆ’ಯನ್ನು ಯಾರೂ ಸೂಚಿಸಬೇಡಿ, ಅದು ಹೊರಗಿನದು.

ಉತ್ತರ 2

‘ತನಿಖೆ’ ಬೇಡವೆಂಬುದು ಸರಿ, ಆದರೆ ಅದರ ಹುಟ್ಟಿನ ಕಾರಣಕ್ಕಲ್ಲ. ತನಿಖೆಯೆಂದರೆ ಸಿಬ್ಬಂದಿ ತಪ್ಪಿತಸ್ಥರನ್ನು ಹುಡುಕುತ್ತಿದ್ದಾರೆಂದು ತಿಳಿಯುತ್ತಾರೆ. ಆಗ 15ನೇ ನಿಮಿಷದ ನಾಡಿಬಡಿತವನ್ನು ಪಾಳಿ ಮುಗಿಯುವ ಹೊತ್ತಿಗೆ ಅಂದಾಜಿನಲ್ಲಿ ತುಂಬಿಸುತ್ತಾರೆ, ಒಬ್ಬರ ಚೀಲ ಇನ್ನೊಬ್ಬರಿಗೆ ಸೇರುವುದು ಕೂದಲೆಳೆಯಲ್ಲಿ ತಪ್ಪಿದ್ದನ್ನು ಹೇಳುವುದೇ ಇಲ್ಲ. ಇಂತಹ ಅದಲುಬದಲನ್ನು ತಡೆಯುವುದೇ ಈ ತರಬೇತಿಯ ಮುಖ್ಯ ಕೆಲಸ.

‘ನೆತ್ತರೂಡಿಕೆ’ಯನ್ನು ರಾತ್ರಿ ಪಾಳಿಯವರಿಗೆ ವಿವರಿಸಲು ಇನ್ನೊಂದು ಕೈಪಿಡಿ ಬೇಕಾದೀತು. ವಾರ್ಡಿನಲ್ಲಿ ‘ರಕ್ತ ಏರಿಸುವುದು’ ಎನ್ನುತ್ತಾರೆ, ಅದನ್ನೇ ಬಳಸಿ. ‘ರಕ್ತ ಕೊಡುವುದು’ ಎಂದು ಮಾತ್ರ ಬರೆಯಬೇಡಿ. ದಾನಿಯೂ ಕೊಡುತ್ತಾನೆ, ದಾದಿಯೂ ಕೊಡುತ್ತಾಳೆ, ‘ರಕ್ತ ಕೊಡುವ ಮುನ್ನ ಹೆಸರು ಕೇಳಿ’ ಎಂಬ ಸೂಚನೆಯಲ್ಲಿ ಯಾರ ಹೆಸರೆಂಬುದೇ ಸ್ಪಷ್ಟವಾಗದು. ‘ಆಡಿಟ್’ಗೆ ‘ಪರಿಶೀಲನೆ’ ಸಾಕೆನ್ನಬಹುದಿತ್ತು. ಎರಡನೆಯ ಸುತ್ತಿಗೆ ‘ಮರುಪರಿಶೀಲನೆ’ ಎಂದ ಕೂಡಲೇ ಮೊದಲ ತೀರ್ಮಾನವನ್ನು ಬದಲಿಸುತ್ತಿದ್ದಾರೆಂಬ ಅರ್ಥ ಬರುತ್ತದೆ. ‘ಆಡಿಟ್’, ‘ಮರು ಆಡಿಟ್’ ಎಂದೇ ಇರಲಿ.

ಉತ್ತರ 1ರವರಿಂದ

ಹೀಗೆ ಸೋಮಾರಿತನಕ್ಕೆ ಬಳಕೆಯೆಂಬ ಹೆಸರು ಕೊಟ್ಟೇ ಕನ್ನಡ ಕ್ರಿಯಾಪದಗಳಿಗಷ್ಟೇ ಉಳಿದಿದೆ. ಹೊಸ ಪದವನ್ನು ನಾಲ್ಕು ಸಲ ಫಲಕದಲ್ಲಿ ಕಂಡರೆ ದಾದಿಯರು ಐದನೆಯ ಸಲ ತಾವೇ ಆಡುತ್ತಾರೆ.

ಉತ್ತರ 2ರವರಿಂದ

ಹಿಮೋಗ್ಲೋಬಿನ್ನಿಗೆ ತಾವು ಪದ ಕೊಟ್ಟಿಲ್ಲವೆಂಬುದನ್ನು ಗಮನಿಸಿದೆ. ಹೊಸ ಪದ ರೂಢಿಯಾಗಲಿ, ನನ್ನ ಅಡ್ಡಿಯಿಲ್ಲ. ತುರ್ತಿನಲ್ಲಿ ಓದಬೇಕಾದ ಫಲಕದ ಮೇಲೆ ಆ ಪ್ರಯೋಗ ಬೇಡ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ‘ರಕ್ತ ಏರಿಸುವ ಕ್ರಮ: ತರಬೇತಿ ಮತ್ತು ಆಡಿಟ್’ ಎಂಬ ಶೀರ್ಷಿಕೆಯನ್ನು ಮುದ್ರಣಕ್ಕೆ ಕಳುಹಿಸಿದ್ದೇನೆ. ‘ಒರೆನೋಟ’ವನ್ನು ಒಳಪುಟದ ಒಂದು ವಾಕ್ಯದಲ್ಲಿ ಸೇರಿಸಿದ್ದೆ, ಕರಡು ತಿದ್ದುವವರು ಅದನ್ನು ‘ಓರೆನೋಟ’ ಎಂದು ತಿದ್ದಿ ಕಳುಹಿಸಿದ್ದರಿಂದ ತೆಗೆದುಹಾಕಬೇಕಾಯಿತು.