28–3 ಮುಂದಿದ್ದ ಅಟ್ಲಾಂಟಾ ಸೋತಿದ್ದು ಹೇಗೆ? ಗೊತ್ತಿರುವವರು ಬಿಡಿಸಿ ಹೇಳಿ

ಮಂಡ್ಯ_ಗಾಣದಮನೆ:
ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ಕಬಡ್ಡಿ ಆಡಿ ಬೆಳೆದವನು, ಅಮೆರಿಕನ್ ಫುಟ್‌ಬಾಲ್ ನೋಡೋಕೆ ಶುರು ಮಾಡಿ ಇನ್ನೂ ಮೂರು ತಿಂಗಳು. ಹೂಸ್ಟನ್‌ನಲ್ಲಿ ನಡೆದ 2017ರ ಸೂಪರ್ ಬೌಲ್, ಅಂದರೆ ಆ ಆಟದ ದೊಡ್ಡ ಫೈನಲ್, ನಿನ್ನೆ ರಾತ್ರಿ ಪೂರ್ತಿ ನೋಡಿದೆ. ಮೂರನೇ ಕ್ವಾರ್ಟರ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ 28, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಬರೀ 3. ಕೊನೆಗೆ ಪೇಟ್ರಿಯಟ್ಸ್ 34–28ಕ್ಕೆ ಗೆದ್ದರು! ಅವರ ಪಾಸ್ ಎಸೆಯುವ ಟಾಮ್ ಬ್ರೇಡಿ ಚೆನ್ನಾಗಿ ಆಡಿದ, ಒಪ್ಪಿದೆ. ಆದರೆ 25 ಪಾಯಿಂಟ್ ಮುಂದಿದ್ದವರು ಎಲ್ಲೋ ಎಡವಿರಬೇಕು ಅಲ್ವಾ?

ಸರಸ್ವತಿಪುರಂ_ಹಳಬ:
ಅಣ್ಣ, ಅದನ್ನ ಲೈವ್ ನೋಡಿದ್ದೇನೆ. ನಮಗೆ ಸೋಮವಾರ ಬೆಳಗಿನ ಜಾವ 5ಕ್ಕೆ ಶುರುವಾಗಿತ್ತು. 28–3 ಆದಾಗ ಸ್ನಾನಕ್ಕೆ ಹೋಗೋಣ ಅಂತ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡೆ, ಮ್ಯಾಚ್ ಮುಗಿದಾಗಲೂ ಟವೆಲ್ ಅಲ್ಲೇ ಇತ್ತು, ಮಧ್ಯೆ ಅಮ್ಮ ಇಟ್ಟು ಹೋದ ಕಾಫಿ ಕೆನೆ ಕಟ್ಟಿತ್ತು.

ಎಡವಿದ ಜಾಗ ಹೇಳ್ತೀನಿ. ಸ್ಕೋರ್ 28–20, ಐದು ನಿಮಿಷವೂ ಉಳಿದಿಲ್ಲ. ಅಟ್ಲಾಂಟಾದ ಜೂಲಿಯೊ ಜೋನ್ಸ್ ಮೈದಾನದ ಅಂಚಿನ ಗೆರೆ ಪಕ್ಕದಲ್ಲಿ ಗಾಳಿಗೆ ಹಾರಿ ಬಾಲ್ ಹಿಡಿದು, ಎರಡೂ ಪಾದ ಒಳಗೇ ಊರಿದ. ಎದುರಾಳಿಯ 22 ಗಜದ ಗೆರೆ, ಅಂದರೆ ಅವರ ಕೊನೆ ಗೆರೆಗೆ ಇನ್ನು 22 ಗಜ. ಇನ್ನು ಸುಮ್ನೆ ಬಾಲ್ ತಬ್ಬಿಕೊಂಡು ಮೂರು ಸಲ ಓಡಿ, ಸಮಯ ತಿಂದು, ಫೀಲ್ಡ್ ಗೋಲ್ (ಕಂಬಗಳ ನಡುವೆ ಬಾಲ್ ಒದ್ದರೆ 3 ಪಾಯಿಂಟ್) ಒದ್ದಿದ್ದರೆ 31–20. ಬಾಲನ್ನು ಎದುರಾಳಿಯ ಕೊನೆ ಗೆರೆ ದಾಟಿಸುವ ಟಚ್‌ಡೌನ್‌ಗೆ, ಬೋನಸ್ ಸೇರಿಸಿದರೂ, ಹೆಚ್ಚೆಂದರೆ 8 ಪಾಯಿಂಟ್, ಹಾಗಾಗಿ ಒಂದೇ ಏಟಿಗೆ 11 ತುಂಬೋಕೆ ಆಗಲ್ಲ. ಆದರೆ ಅಟ್ಲಾಂಟಾದವರು ಪಾಸ್ ಎಸೆಯಲು ಹೋದರು. ಪೇಟ್ರಿಯಟ್ಸ್‌ನ ಟ್ರೇ ಫ್ಲವರ್ಸ್ ಬಂದು ಪಾಸ್ ಎಸೆಯುವ ಮ್ಯಾಟ್ ರಯಾನ್‌ನನ್ನು ಕೆಡವಿದ, 12 ಗಜ ಹೋಯ್ತು. ಆಮೇಲೆ ಎದುರಾಳಿಯನ್ನು ಹಿಡಿದಿದ್ದಕ್ಕೆ ಹೋಲ್ಡಿಂಗ್ ಫೌಲ್, ಇನ್ನೂ 10 ಗಜ ಹಿಂದಕ್ಕೆ. ಅಲ್ಲಿಂದ ಫೀಲ್ಡ್ ಗೋಲ್ ಒದೆಯೋಕೂ ಆಗಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಒಂಟಿಕೊಪ್ಪಲ್_ಅಕ್ಕ:
ಸರ್ ಹೇಳಿದ್ದು ಸರಿ, ಆದರೆ ಅಷ್ಟೇ ಅಲ್ಲ. ಪೇಟ್ರಿಯಟ್ಸ್ ಅವತ್ತು 93 ಸಲ ಬಾಲ್ ಆಡಿಸಿದರು, ಫಾಲ್ಕನ್ಸ್ ಬರೀ 46. ಬ್ರೇಡಿ ಒಬ್ಬನೇ 62 ಪಾಸ್ ಎಸೆದ. ಅಂದರೆ ಅಟ್ಲಾಂಟಾದ ಡಿಫೆನ್ಸ್ ಹುಡುಗರು ಬೆಂಚಿಗೆ ಹೋಗಿ ನೀರು ಕುಡಿಯುವಷ್ಟರಲ್ಲಿ ಮತ್ತೆ ಮೈದಾನಕ್ಕೆ ಬರಬೇಕಾಯ್ತು. ಕೊನೇ ಕ್ವಾರ್ಟರ್‌ನಲ್ಲಿ ಅವರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದು ನೋಡಿ, ಉಸಿರೇ ಇಲ್ಲ.

ಆಮೇಲೆ ಬಂದ ಪೇಟ್ರಿಯಟ್ಸ್‌ನ ಎಡೆಲ್‌ಮನ್ ಕ್ಯಾಚ್ ಇನ್ನೊಂದ್ಸಲ ನಿಧಾನವಾಗಿ ಹಾಕಿಕೊಂಡು ನೋಡಿ. ಮೂವರು ಫಾಲ್ಕನ್ಸ್ ಸುತ್ತ ಇದ್ದಾರೆ, ಅವರಲ್ಲೊಬ್ಬನ ಕೈಗೆ ತಾಗಿದ ಬಾಲ್ ಅವನದೇ ಕಾಲ ಮೇಲೆ ಬಿತ್ತು, ನೆಲಕ್ಕೆ ತಾಗುವ ಮೊದಲೇ ಎಡೆಲ್‌ಮನ್ ಬೆರಳು ಅದರ ಕೆಳಗಿತ್ತು. ತಂಡದ 9 ಗಜದ ಗೆರೆಯಿಂದ ಶುರುವಾದ ಪೇಟ್ರಿಯಟ್ಸ್‌ನ ಆ ದಾಳಿ ಒಟ್ಟು 91 ಗಜ ಸಾಗಿ ಟಚ್‌ಡೌನ್‌ನಲ್ಲೇ ನಿಂತಿತು, ಸ್ಕೋರ್ ಸಮವಾಯ್ತು.

ಮಂಡ್ಯ_ಗಾಣದಮನೆ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಇನ್ನೊಂದು ಬೇಜಾರು ಅಂದ್ರೆ ಓವರ್‌ಟೈಮ್ (ಸ್ಕೋರ್ ಸಮವಾದಾಗ ಆಡಿಸುವ ಹೆಚ್ಚುವರಿ ಆಟ). ಟಾಸ್ ಸೋತಿದ್ದಕ್ಕೆ ಅಟ್ಲಾಂಟಾಗೆ ಬಾಲೇ ಸಿಗಲಿಲ್ಲ, ಇದು ನ್ಯಾಯನಾ?

ಸರಸ್ವತಿಪುರಂ_ಹಳಬ:
ಆಗ ನಿಯಮವೇ ಹಾಗಿತ್ತು, ಮೊದಲು ಬಾಲ್ ಸಿಕ್ಕವರು ಟಚ್‌ಡೌನ್ ಮಾಡಿದರೆ ಆಟ ಮುಗೀತು. ಪೇಟ್ರಿಯಟ್ಸ್‌ನ ಜೇಮ್ಸ್ ವೈಟ್ ಅದನ್ನೇ ಮಾಡಿದ. 2022ರಲ್ಲಿ ಪ್ಲೇಆಫ್‌ಗೆ ನಿಯಮ ಬದಲಾಯಿಸಿ ಎರಡೂ ಕಡೆಯವರಿಗೂ ಬಾಲ್ ಕೊಟ್ಟರು. 2024ರ ಸೂಪರ್ ಬೌಲ್‌ನ ಓವರ್‌ಟೈಮ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮೊದಲು 3 ಪಾಯಿಂಟ್ ತೆಗೆದುಕೊಂಡಿತು, ಆಮೇಲೆ ಕ್ಯಾನ್ಸಸ್ ಸಿಟಿ ಟಚ್‌ಡೌನ್ ಮಾಡಿ 25–22ಕ್ಕೆ ಗೆದ್ದಿತು. ಇವತ್ತು ರಾತ್ರಿ ಅದನ್ನೂ ನೋಡಿ.